ಹಾಕಿದ ದುಡ್ಡು ಬಂಡವಾಳವೋ, ಸಾಲವೋ? ನಮ್ಮ ಫುಟ್‌ಬಾಲ್ ಕ್ಲಬ್‌ನ ಮಾಲೀಕರಿಗೆ ಒಂದು ದೂರು

ಬೆಂಗಳೂರು
14 ನವೆಂಬರ್ 2025

ಇಂದ,
ಕ್ಲಬ್‌ನ ಅಭಿಮಾನಿ ಸದಸ್ಯ, ಹಳೇ ಸಂಘದ ಆಜೀವ ಸದಸ್ಯ

ಗೆ,
ವ್ಯವಸ್ಥಾಪಕ ನಿರ್ದೇಶಕರು,
ಕ್ಲಬ್ ನಡೆಸುತ್ತಿರುವ ಕಂಪನಿ

ವಿಷಯ: ಆಟಗಾರರ ಸಂಬಳ ಬಾಕಿ, ಕ್ಲಬ್‌ನ ಲೆಕ್ಕಪತ್ರ ಮತ್ತು ಮಾಲೀಕತ್ವದ ಬಗ್ಗೆ ವಿವರಣೆ ಕೋರಿ

ಮಾನ್ಯರೇ,

ಕಳೆದ ತಿಂಗಳು ಒಂದು ಭಾನುವಾರ ರಾತ್ರಿ ಮನೆಗೆ ಊಟ ತರಿಸಿದ್ದೆವು. ಒಂಬತ್ತೂವರೆಗೆ ಗೇಟಿನ ಮುಂದೆ ಬೈಕ್ ನಿಂತಿತು. ಹೆಲ್ಮೆಟ್ ತೆಗೆಯದೆ "ಸಾರ್, ಓಟಿಪಿ" ಎಂದ ಹುಡುಗನ ದನಿ ಎಲ್ಲೋ ಕೇಳಿದ ಹಾಗಿತ್ತು. ನಾಲ್ಕು ಅಂಕಿ ಹೇಳಿ ಚೀಲ ಇಸಕೊಳ್ಳುವಾಗ ಅವನ ಪ್ಯಾಂಟಿನ ಮೇಲೆ ಕಣ್ಣು ಹೋಯಿತು. ನಮ್ಮ ಕ್ಲಬ್‌ನ ಟ್ರ್ಯಾಕ್ ಪ್ಯಾಂಟು. ತೊಡೆಯ ಮೇಲಿದ್ದ ಪ್ರಾಯೋಜಕರ ಹೆಸರಿಗೆ ಎಲೆಕ್ಟ್ರಿಕಲ್ ಕೆಲಸದವರ ಕಪ್ಪು ಟೇಪು ಅಂಟಿಸಿದ್ದ. ನಮ್ಮ ಲೆಫ್ಟ್ ಬ್ಯಾಕು, ಎಡಬದಿಯಲ್ಲಿ ಗೋಲು ಕಾಯಲು ನಿಲ್ಲುವ ಆಟಗಾರ. ಹಿಂದಿನ ದಿನ ಸಂಜೆಯಷ್ಟೇ ಅಶೋಕನಗರದ ಸ್ಟೇಡಿಯಂನಲ್ಲಿ ತೊಂಬತ್ತು ನಿಮಿಷ ಓಡಿದ್ದವನು. "ಯಾರ್ಗೂ ಹೇಳ್ಬೇಡಿ ಅಂಕಲ್, ರೆಸ್ಟ್ ತಗೊಂಡಿಲ್ಲ ಅಂತ ಕೋಚ್ ಬೈತಾರೆ" ಎಂದು ಹೇಳಿ ಹೊರಟುಹೋದ.

ಅವನ ಮಾತು ಉಳಿಸಲು ಹೆಸರು ಹೇಳುತ್ತಿಲ್ಲ. ಆಡುವ ಜಾಗವನ್ನೂ ಬೇಕೆಂದೇ ಬದಲಿಸಿ ಬರೆದಿದ್ದೇನೆ. ದಯವಿಟ್ಟು ಹುಡುಕಲು ಹೋಗಬೇಡಿ. ಹುಡುಕಲೇಬೇಕೆಂದರೆ ಅವನ ನಾಲ್ಕು ತಿಂಗಳ ಸಂಬಳ ಎಲ್ಲಿದೆ ಅಂತ ಹುಡುಕಿ.

ನಾನು ಸಹಕಾರಿ ಬ್ಯಾಂಕೊಂದರಲ್ಲಿ 27 ವರ್ಷ ಲೆಜರ್ ನೋಡಿ ನಿವೃತ್ತನಾದವನು. ಫುಟ್‌ಬಾಲ್ ನನಗೆ ಗ್ಯಾಲರಿಯಿಂದ ಕೂಗುವಷ್ಟು ಗೊತ್ತು, ಸಾಲದ ವಿಚಾರ ಅದಕ್ಕಿಂತ ಚೆನ್ನಾಗಿ ಗೊತ್ತು. ಅದಕ್ಕೇ ಈ ಪತ್ರ.

2021ರಲ್ಲಿ ನಮ್ಮ ಸಂಘದ ಸರ್ವಸದಸ್ಯರ ಸಭೆ ಕರೆದು, ತಂಡವನ್ನೂ ಲೀಗ್‌ನಲ್ಲಿ ಅದಕ್ಕಿದ್ದ ಸ್ಥಾನವನ್ನೂ ನಿಮ್ಮ ಕಂಪನಿಗೆ ವಹಿಸುವ ನಿರ್ಣಯ ಪಾಸು ಮಾಡಿಸಿದಿರಿ. ಕೈ ಎತ್ತಿದವರಲ್ಲಿ ನಾನೂ ಒಬ್ಬ. ಒಪ್ಪಂದದ ಪ್ರತಿ ಓದಿದವರು ಆ ಹಾಲ್‌ನಲ್ಲಿ ಎಷ್ಟು ಮಂದಿ ಇದ್ದರೋ ಕಾಣೆ, ಬಿರಿಯಾನಿ ಮಾತ್ರ ಎಲ್ಲರಿಗೂ ಸಿಕ್ಕಿತು. ಮೂರು ವರ್ಷದಲ್ಲಿ ದೇಶಮಟ್ಟದ ಐ-ಲೀಗ್, ಸ್ವಂತ ಮೈದಾನ, ಮಕ್ಕಳಿಗೆ ಅಕಾಡೆಮಿ ಎಂದಿರಿ. "ಇಲ್ಲಿಗೆ ಹಣ ಹಾಕುತ್ತಿದ್ದೇವೆ, ತೆಗೆಯುವುದಕ್ಕೆ ಬಂದಿಲ್ಲ" ಎಂದು ನೀವೇ ಮೈಕಿನಲ್ಲಿ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಆಮೇಲೆ ಹೆಸರಿನ ಹಿಂದೊಂದು ಮುಂದೊಂದು ಇಂಗ್ಲಿಷ್ ಪದ ಸೇರಿಸಿದಿರಿ, ಜೆರ್ಸಿಯ ಬಣ್ಣ ಬದಲಾಯಿಸಿದಿರಿ. ಅದನ್ನೂ ನುಂಗಿಕೊಂಡೆವು. ಹುಡುಗರಿಗೆ ಸರಿಯಾಗಿ ಸಂಬಳ ಆಗುತ್ತದಲ್ಲ, ಅಷ್ಟು ಸಾಕು ಅಂದುಕೊಂಡೆವು.

ಮಾರ್ಚ್‌ನಿಂದ ಆ ಸಂಬಳವೇ ಕುಂಟತೊಡಗಿತು. ಒಮ್ಮೆ ಅರ್ಧ, ಒಮ್ಮೆ ಮುಂಗಡದ ಹೆಸರಿನಲ್ಲಿ ಐದು ಸಾವಿರ, ಆಮೇಲೆ ಏನೂ ಇಲ್ಲ. ಆಗಸ್ಟ್‌ನಲ್ಲಿ ಸದಸ್ಯರಿಗೆಲ್ಲ ನಿಮ್ಮ ಕಚೇರಿಯಿಂದ ಒಂದು ಸಂದೇಶ ಬಂತು. ಭಾರತದ ಫುಟ್‌ಬಾಲೇ ಬಿಕ್ಕಟ್ಟಿನಲ್ಲಿದೆ, ದೇಶದ ಅತಿ ದೊಡ್ಡ ಲೀಗ್ ಐಎಸ್‌ಎಲ್ ಅನ್ನೇ ತಡೆಹಿಡಿದಿದ್ದಾರೆ, ಪ್ರಾಯೋಜಕರು ಹಿಂದೆ ಸರಿಯುತ್ತಿದ್ದಾರೆ, ಸಹಕರಿಸಿ ಎಂದಿತ್ತು. ಬಿಕ್ಕಟ್ಟು ಸುಳ್ಳಲ್ಲ. ಭಾರತದ ಫುಟ್‌ಬಾಲ್ ಫೆಡರೇಷನ್ನೂ ಅದರ ವಾಣಿಜ್ಯ ಪಾಲುದಾರರೂ 2010ರಲ್ಲಿ ಮಾಡಿಕೊಂಡ 15 ವರ್ಷದ ಒಪ್ಪಂದ ಮುಗಿಯುವ ಹೊತ್ತಿಗೆ ಮುಂದಿನದು ಕುದುರಲಿಲ್ಲ, ಜುಲೈನಲ್ಲಿ ಲೀಗ್ ನಿಂತಿತು. ಆದರೆ ನಮ್ಮ ಹುಡುಗರ ಸಂಬಳ ಕುಂಟತೊಡಗಿದ್ದು ಮಾರ್ಚ್‌ನಲ್ಲಿ. ಜುಲೈನ ಮಳೆಗೆ ಮಾರ್ಚ್‌ನಲ್ಲೇ ಸೂರು ಸೋರಿತು ಎಂದರೆ ನಂಬುವುದು ಹೇಗೆ? ನಾವು ಆಡುವುದು ಐಎಸ್‌ಎಲ್ ಕೂಡ ಅಲ್ಲ, ಬೆಂಗಳೂರು ಸೂಪರ್ ಡಿವಿಷನ್. ಟಿವಿ ಹಕ್ಕಿನಿಂದ ಇಲ್ಲಿಗೆ ಎಷ್ಟು ಬರುತ್ತಿತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಹಾಗಾಗಿ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೂರು ರೂಪಾಯಿ ಕಟ್ಟಿ ನಿಮ್ಮ ಕಂಪನಿಯ ದಾಖಲೆ ತೆಗೆಸಿ ನೋಡಿದೆ. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಸಿಕ್ಕ ಕೊನೆಯ ಬ್ಯಾಲೆನ್ಸ್ ಶೀಟು ಮಾರ್ಚ್ 2024ಕ್ಕೆ ಮುಗಿದ ವರ್ಷದ್ದು. ಆಮೇಲಿನದು ಇನ್ನೂ ಬಂದಿಲ್ಲ. ಮಾರ್ಚ್‌ಗೆ ವರ್ಷ ಮುಗಿಸುವ ಕಂಪನಿ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಭೆ ನಡೆಸಬೇಕು, ಅಲ್ಲಿಂದ 30 ದಿನದಲ್ಲಿ ಲೆಕ್ಕ ಸಲ್ಲಿಸಬೇಕು. ಆ ಗಡುವೂ ದಾಟಿದೆ, ಈ ಸಲ ಹೆಚ್ಚುವರಿ ಶುಲ್ಕವಿಲ್ಲದೆ ಸಲ್ಲಿಸಲು ಡಿಸೆಂಬರ್ ಕೊನೆಯವರೆಗೆ ಅವಕಾಶ ಕೊಟ್ಟಿದ್ದಾರಾದರೂ.

ಇರುವ ಆ ಒಂದು ಶೀಟನ್ನೇ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು, ಹಳೇ ಅಭ್ಯಾಸದಂತೆ ಕೆಂಪು ಪೆನ್ನು ಹಿಡಿದು ಕುಳಿತೆ. ಶೇರು ಬಂಡವಾಳ ಒಂದು ಲಕ್ಷ ರೂಪಾಯಿ. ಅದರ ಕೆಳಗೆ ಭದ್ರತೆ ಇಲ್ಲದ ಸಾಲ ಎಂಬ ಸಾಲಿನಲ್ಲಿ ಎರಡು ಕೋಟಿಗೂ ಹೆಚ್ಚು. ಟಿಪ್ಪಣಿ ತಿರುವಿದರೆ, ಸಾಲ ಕೊಟ್ಟಿರುವುದು ನಿಮ್ಮದೇ ಇನ್ನೊಂದು ಕಂಪನಿ, ಬಡ್ಡಿ ಶೇಕಡ 12. ಅಂದರೆ ಮೈಕಿನಲ್ಲಿ ಹೇಳಿದ "ಹಾಕುತ್ತಿರುವ ಹಣ" ಒಂದು ಲಕ್ಷ ಮಾತ್ರ. ಉಳಿದದ್ದೆಲ್ಲ ಕ್ಲಬ್ ನಿಮಗೆ ಬಡ್ಡಿ ಸಮೇತ ವಾಪಸು ಕೊಡಬೇಕಾದ ದುಡ್ಡು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಅನ್ನುತ್ತಾರೆ. ಇಲ್ಲಿ ಗಾದೆ ತಲೆಕೆಳಗಾಗಿದೆ. ಕೊಟ್ಟವರೂ ನೀವೇ, ಇಸಕೊಂಡ ಕಡೆ ಸಹಿ ಹಾಕಿದವರೂ ನೀವೇ, ಕೋಡಂಗಿಗಳಾದದ್ದು ಹೊರಗೆ ಕೂಗುತ್ತಿರುವ ನಾವು.

ಇದು ಕಾನೂನಿಗೆ ವಿರುದ್ಧ ಎಂದು ನಾನು ಹೇಳುತ್ತಿಲ್ಲ. ದೊಡ್ಡ ಊರುಗಳಲ್ಲಿ ದೊಡ್ಡವರೂ ಇದನ್ನೇ ಮಾಡಿದ್ದಾರೆ. ಒಂದು ಪೆನ್ನಿಯೂ ಸಾಲವಿಲ್ಲದಿದ್ದ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ ಅನ್ನು 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಸುಮಾರು 79 ಕೋಟಿ ಪೌಂಡಿಗೆ ಕೊಂಡಿತು. ಕೊಳ್ಳಲು ಎತ್ತಿದ ಸಾಲದ ದೊಡ್ಡ ಪಾಲನ್ನು ಆ ಕ್ಲಬ್‌ನ ತಲೆಗೇ ಕಟ್ಟಿತು. ಸಿಟ್ಟಿಗೆದ್ದ ಒಂದಷ್ಟು ಅಭಿಮಾನಿಗಳು ಹೊರನಡೆದು ತಮ್ಮದೇ ಬೇರೆ ಕ್ಲಬ್ ಕಟ್ಟಿಕೊಂಡರು. ಆದರೆ ಮ್ಯಾಂಚೆಸ್ಟರಿನ ತವರು ಮ್ಯಾಚಿಗೆ ಪ್ರತಿ ಸಲ ಸುಮಾರು 74 ಸಾವಿರ ಜನ ಬರುತ್ತಾರೆ, ಬಡ್ಡಿ ಹೇಗೋ ಹುಟ್ಟುತ್ತದೆ. ನಮ್ಮ ಮ್ಯಾಚಿಗೆ ಬರುವವರನ್ನು ಹಾಫ್‌ಟೈಮಿನಲ್ಲಿ ನಾನೇ ಎಣಿಸಿ ಮುಗಿಸುತ್ತೇನೆ, ಟೀ ಮಾರುವವನನ್ನೂ ಸೇರಿಸಿ. ಶೇಕಡ 12 ಎಲ್ಲಿಂದ ಹುಟ್ಟಬೇಕು? ಲೆಫ್ಟ್ ಬ್ಯಾಕಿನ ಸಂಬಳದಿಂದಲೇ?

ನಮಗೆ ಹೆಚ್ಚು ಹತ್ತಿರದ ಪಾಠ ಬರಿ ಎಂಬ ಊರಿನದು. ಅದೇ ಮ್ಯಾಂಚೆಸ್ಟರಿನ ಪಕ್ಕದ ಸಣ್ಣ ಊರು, 1885ರಲ್ಲಿ ಹುಟ್ಟಿದ ಕ್ಲಬ್, ಎರಡು ಸಲ ಇಂಗ್ಲೆಂಡಿನ ಹಳೇ ಪಂದ್ಯಾವಳಿ ಎಫ್‌ಎ ಕಪ್ ಗೆದ್ದದ್ದು. 2018ರ ಡಿಸೆಂಬರ್‌ನಲ್ಲಿ ಅದು ಒಂದೇ ಒಂದು ಪೌಂಡಿಗೆ ಕೈ ಬದಲಾಯಿತು. ಕೊಂಡವರ ಬಳಿ ಕ್ಲಬ್ ನಡೆಸುವಷ್ಟು ದುಡ್ಡಿದೆಯೇ ಎಂಬುದಕ್ಕೆ ಲೀಗ್‌ಗೆ ಒಪ್ಪಿಗೆಯಾಗುವ ಪುರಾವೆ ಕೊನೆಗೂ ಸಿಗಲಿಲ್ಲ. 2019ರ ಆಗಸ್ಟ್ 27ರಂದು ಅಲ್ಲಿನ ಜನ ಪೊರಕೆ, ಬಕೆಟ್ಟು ಹಿಡಿದು ಸ್ಟೇಡಿಯಂಗೆ ಹೋಗಿ ಕುರ್ಚಿ ತೊಳೆದರು, ಮುಂದಿನ ಮ್ಯಾಚು ನಡೆದೇ ನಡೆಯುತ್ತದೆ ಎಂಬ ನಂಬಿಕೆಯಿಂದ. ಅದೇ ರಾತ್ರಿ ಕ್ಲಬ್ ಅನ್ನು ಲೀಗ್‌ನಿಂದ ಹೊರಹಾಕಿದರು. ಆ ಕಣ್ಣೀರು ಸಂಸತ್ತಿನವರೆಗೂ ಹರಿದು, ಈ ವರ್ಷ ಜುಲೈನಲ್ಲಿ ಇಂಗ್ಲೆಂಡಿಗೆ ಫುಟ್‌ಬಾಲ್ ಆಡಳಿತದ ಕಾಯಿದೆಯೇ ಬಂತು, ಕ್ಲಬ್‌ಗಳ ಹಣಕಾಸು, ಮಾಲೀಕರ ಯೋಗ್ಯತೆ ನೋಡಲು ಸ್ವತಂತ್ರ ನಿಯಂತ್ರಕರೂ ಬಂದರು. ಜರ್ಮನಿಯಲ್ಲಂತೂ 1998ರಿಂದ, ಕೆಲವು ಅಪವಾದ ಬಿಟ್ಟರೆ, ಮತದ ಅರ್ಧಕ್ಕಿಂತ ಹೆಚ್ಚು ಪಾಲು ಸದಸ್ಯರ ಸಂಘದ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ನಾವು ಅರ್ಧ ಕೇಳುತ್ತಿಲ್ಲ. ಒಂದು ಕಾಗದ ತೋರಿಸಿ ಅನ್ನುತ್ತಿದ್ದೇವೆ.

ಬರಿ ಎಂಬ ಆ ಊರು ದೂರವಾಯಿತು ಅನ್ನುವುದಾದರೆ ಹೈದರಾಬಾದಿಗೆ ಬನ್ನಿ. 2019ರಲ್ಲಿ ಪುಣೆಯ ಕ್ಲಬ್ ಮುಚ್ಚಿಹೋಗಿ ಆ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಮೂರನೇ ಸೀಸನ್ನಿಗೇ, 2022ರಲ್ಲಿ, ಐಎಸ್‌ಎಲ್ ಕಪ್ ಎತ್ತಿತು. ಅದಾಗಿ ಎರಡು ವರ್ಷದೊಳಗೆ ಸಂಬಳ ಬಾಕಿಯಿಂದ ಆಟಗಾರರು ಸೀಸನ್ ನಡುವೆಯೇ ಬಿಟ್ಟುಹೋದರು. ಆಮೇಲೆ ಕ್ಲಬ್ ಬೇರೆಯವರ ಪಾಲಾಯಿತು. ಈ ವರ್ಷ ಅದು ದೆಹಲಿಗೆ ಹೊರಟಿದೆ, ಹೆಸರೂ ಬೇರೆ. ಹೈದರಾಬಾದಿನಲ್ಲಿ ಹಳದಿ ಜೆರ್ಸಿ ತೊಟ್ಟು ಕುಣಿದವರಿಗೆ ಈಗ ಏನುಂಟು? ನಮ್ಮ ಸ್ಥಾನವನ್ನೂ ಬೇರೆ ಊರಿನ ಯಾರಿಗೋ ಮಾರುವ ಮಾತು ನಡೆದಿದೆ ಎಂದು ಸ್ಟೇಡಿಯಂ ಹೊರಗಿನ ಟೀ ಅಂಗಡಿಯಲ್ಲಿ ಎರಡು ತಿಂಗಳಿಂದ ಕೇಳುತ್ತಿದ್ದೇನೆ. ಟೀ ಅಂಗಡಿಯ ಮಾತು ಅಂತ ತಳ್ಳಿಹಾಕೋಣ ಎಂದರೆ, ಸಂಬಳ ನಿಲ್ಲುವ ಸುದ್ದಿಯೂ ಮೊದಲು ಬಂದದ್ದು ಅಲ್ಲಿಂದಲೇ.

ಇದು ಬರೀ ವ್ಯಾಪಾರವಲ್ಲವೇ, ಇಷ್ಟು ಯಾಕೆ ಹಚ್ಚಿಕೊಂಡಿದ್ದೀರಿ ಎಂದು ನಿಮ್ಮ ಮ್ಯಾನೇಜರ್ ಫೋನಿನಲ್ಲಿ ಕೇಳಿದರು. ಅವರು ಚಿಕ್ಕವರು, ತಪ್ಪು ತಿಳಿಯಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಆ ತಂಡದ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಅದೇ ತಂಡದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ನಮ್ಮ ಅಪ್ಪನ ಕಾಲದವರು ಆ ಹೆಸರುಗಳನ್ನು ಹೇಳಿಕೊಂಡೇ ಈ ಸಂಘ ಕಟ್ಟಿದ್ದು. ಒಬ್ಬೊಬ್ಬರಿಂದ ಎಂಟಾಣೆ ಚಂದಾ ಎತ್ತಿ, ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು. ಆ ನೋಟ್‌ಬುಕ್ಕುಗಳು ಇವತ್ತಿಗೂ ನನ್ನ ಬೀರುವಿನಲ್ಲಿವೆ. ಎಂಟಾಣೆಗೂ ಲೆಕ್ಕವಿದೆ, ಎರಡು ಕೋಟಿಗೆ ಇಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷದ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ತಂದಿತು. ಅಂಥ ಹುಡುಗರು ಬರುವುದು ನಮ್ಮಂಥ ಕ್ಲಬ್‌ಗಳಿಂದಲೇ, ಮಣ್ಣಿನ ಮೈದಾನದಿಂದಲೇ. ಹಿಂದೆ ಎಚ್‌ಎಎಲ್, ಐಟಿಐ ಕಾರ್ಖಾನೆಗಳ ತಂಡಗಳಲ್ಲಿ ಆಡಿದವನಿಗೆ ಒಂದನೇ ತಾರೀಖು ಸಂಬಳ ಗ್ಯಾರಂಟಿ ಇತ್ತು, ಕಾಲು ಮುರಿದರೂ ಕೆಲಸ ಉಳಿಯುತ್ತಿತ್ತು. ಈಗಿನವರಿಗೆ ನಿಮ್ಮ ಕರಾರೊಂದೇ ಆಧಾರ. ಅದರ ಪ್ರತಿ ಎಷ್ಟು ಹುಡುಗರ ಕೈಯಲ್ಲಿದೆ? ನಾನು ಕೇಳಿದ ಆರು ಜನರಲ್ಲಿ ನಾಲ್ವರ ಬಳಿ ಇರಲಿಲ್ಲ, "ಸೈನ್ ಮಾಡಿ ಆಫೀಸಲ್ಲೇ ಕೊಟ್ವಿ" ಅಂದರು.

ಆದ್ದರಿಂದ ಮೊದಲ ಬೇಡಿಕೆ ಅದೇ. ಪ್ರತಿಯೊಬ್ಬ ಆಟಗಾರನಿಗೂ ಅವನ ಕರಾರಿನ ಪ್ರತಿ, ಜೊತೆಗೆ ನಾಲ್ಕು ತಿಂಗಳ ಬಾಕಿ ಯಾವ ದಿನಾಂಕಕ್ಕೆ ಎಷ್ಟು ಎಂದು ಬರೆದುಕೊಟ್ಟ ಪತ್ರ ಈ ತಿಂಗಳೊಳಗೆ ಸಿಗಬೇಕು. ಎರಡು ತಿಂಗಳ ಸಂಬಳ ಬಾಕಿಯಾದರೆ, ಲಿಖಿತ ನೋಟಿಸು ಕೊಟ್ಟು ಕನಿಷ್ಠ 15 ದಿನ ಕಾದು, ಆಗಲೂ ಬರದಿದ್ದರೆ ಕರಾರು ಮುರಿದು ಹೋಗುವ ಹಕ್ಕನ್ನು ಫಿಫಾ ನಿಯಮ ಆಟಗಾರನಿಗೆ ಕೊಟ್ಟಿದೆ. ಇದು ಹುಡುಗರಿಗೆ ಗೊತ್ತಿರಲಿಲ್ಲ, ಈಗ ಗೊತ್ತು. ಹೇಳಿದವನು ನಾನೇ, ಬೇರೆ ಯಾರನ್ನೂ ಅನುಮಾನಿಸಬೇಡಿ.

ಎರಡನೆಯದು, 2021ರ ಒಪ್ಪಂದದ ಪೂರ್ತಿ ಪ್ರತಿ ಮತ್ತು ಮಾರ್ಚ್ 2025ಕ್ಕೆ ಮುಗಿದ ವರ್ಷದ ಲೆಕ್ಕ. ನಾನೂರಕ್ಕೂ ಹೆಚ್ಚು ಜನರಿಂದ ತಲಾ 1,500 ರೂಪಾಯಿಯಂತೆ ಪಡೆದ ಅಭಿಮಾನಿ ಸದಸ್ಯತ್ವದ ಹಣ ಯಾವ ಖಾತೆಗೆ ಹೋಯಿತೆಂಬುದೂ ಅದರಲ್ಲಿರಲಿ. ಆ ಹಣಕ್ಕೆ ಕೊಡಬೇಕಿದ್ದ ಜೆರ್ಸಿ ನನಗಂತೂ ಬಂದಿಲ್ಲ. ನನ್ನ ಸೈಜಿನದು ಸಿಕ್ಕಿಲ್ಲ ಎಂಬ ಕಾರಣ ಜೂನ್‌ನಿಂದ ಕೇಳುತ್ತಿದ್ದೇನೆ. ಹೊಟ್ಟೆ ಸ್ವಲ್ಪ ಬಂದಿರುವುದು ನಿಜ, ಅಷ್ಟೇನೂ ಅಲ್ಲ.

ಮೂರನೆಯದಕ್ಕೆ ಕಾಗದ ಬೇಡ, ಒಂದು ಮಾತು ಸಾಕು. ಎರಡು ಕೋಟಿಯನ್ನು ಶೇರು ಬಂಡವಾಳವಾಗಿ ಬದಲಾಯಿಸುತ್ತೀರೋ, ಸಾಲವಾಗಿಯೇ ಇಟ್ಟುಕೊಳ್ಳುತ್ತೀರೋ? ಬಂಡವಾಳವಾದರೆ ನೀವು ಮಾಲೀಕರು, ಲಾಭ ನಷ್ಟ ಎರಡರಲ್ಲೂ ನಮ್ಮ ಜೊತೆ ಇದ್ದೀರಿ. ಸಾಲವಾದರೆ ನೀವು ಬಡ್ಡಿಗೆ ಕೊಟ್ಟವರು. ಬಡ್ಡಿಗೆ ಕೊಟ್ಟವರು ವಸೂಲಿಯ ದಿನ ಏನು ಮಾಡುತ್ತಾರೆ ಎಂಬುದನ್ನು ನಾನು 27 ವರ್ಷ ಕೌಂಟರಿನ ಈಚೆ ಕಡೆಯಿಂದ ನೋಡಿದ್ದೇನೆ. ಮೊದಲು ಮಾರುವುದು ಮಾರಲು ಸುಲಭವಾದದ್ದನ್ನು. ನಮ್ಮ ಕ್ಲಬ್‌ನಲ್ಲಿ ಹಾಗೆ ಮಾರಬಹುದಾದದ್ದು ಲೀಗ್‌ನ ಸ್ಥಾನವೊಂದೇ.

ಸಂಘ ಇನ್ನೂ ಬದುಕಿದೆ ಎಂಬುದನ್ನೂ ನೆನಪಿಸುತ್ತೇನೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ 25ನೇ ಕಲಂ ಪ್ರಕಾರ ಮೂರನೇ ಒಂದು ಭಾಗ ಸದಸ್ಯರು ಅರ್ಜಿ ಕೊಟ್ಟರೆ ರಿಜಿಸ್ಟ್ರಾರ್ ವಿಚಾರಣೆ ನಡೆಸಬೇಕು. ಒಪ್ಪಂದಕ್ಕೆ ಸಂಘದ ಪರವಾಗಿ ಸಹಿ ಹಾಕಿದವರು ಯಾರು, ಯಾವ ಅಧಿಕಾರದಿಂದ ಎಂಬುದೂ ಆಗ ಬರುತ್ತದೆ. ಸಹಿ ಸಂಗ್ರಹ ಶುರುವಾಗಿದೆ. ಕೈ ಎತ್ತಿ ತಪ್ಪು ಮಾಡಿದ್ದೇವೆ, ಸಹಿ ಹಾಕಿ ಸರಿಪಡಿಸಿಕೊಳ್ಳುತ್ತೇವೆ ಎಂದು ಹಿರಿಯ ಸದಸ್ಯರೊಬ್ಬರು ಆಸ್ಪತ್ರೆಯ ಮಂಚದ ಮೇಲಿಂದಲೇ ಸಹಿ ಮಾಡಿ ಕಳಿಸಿದ್ದಾರೆ. ನಿಮ್ಮ ಉತ್ತರಕ್ಕೆ ಡಿಸೆಂಬರ್ 15ರವರೆಗೆ ಕಾಯುತ್ತೇವೆ. ಅಲ್ಲಿಯವರೆಗೆ ಪ್ರತಿ ಮ್ಯಾಚಿಗೂ ಬರುತ್ತೇವೆ, ಕೂಗುತ್ತೇವೆ. ಅದು ಹುಡುಗರಿಗಾಗಿ.

ಇಂತಿ ತಮ್ಮ ವಿಶ್ವಾಸಿ,
ಪೂರ್ವ ಗ್ಯಾಲರಿಯ ಮೂರನೇ ಮೆಟ್ಟಿಲಿನವನು

ಲಗತ್ತು: ಅಭ್ಯಾಸದ ಮೈದಾನಕ್ಕೆ ಗೆರೆ ಹಾಕಲು ತಂದ ನಾಲ್ಕು ಚೀಲ ಸುಣ್ಣದ ಪುಡಿಯ ಬಿಲ್ಲು, 640 ರೂಪಾಯಿ. ಕಿಟ್ ನೋಡಿಕೊಳ್ಳುವ ಹುಡುಗ ಸೆಪ್ಟೆಂಬರ್‌ನಲ್ಲಿ ಕೈಯಿಂದ ಕೊಟ್ಟಿದ್ದಾನೆ. ಇದನ್ನು ಡಿಸೆಂಬರ್‌ವರೆಗೆ ಕಾಯಿಸಬೇಡಿ.