ರೈಲಿನಲ್ಲಿ ಸಿಕ್ಕ ಹಸಿರು ಪೆನ್ನಿನ ಅಕ್ಕನಿಗೆ

ಕೊಪ್ಪಳದಲ್ಲಿ ಬಳ್ಳಾರಿ ರೈಲು ಹತ್ತಿ ಕಿಟಕಿ ಪಕ್ಕ ಕೂತಿದ್ದ ಅಕ್ಕ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಹೋಗಬೇಕಿದ್ದ ಪತ್ರ ನನ್ನ ಕೈಲಿತ್ತು. ತಿದ್ದಿ ಬರೆಯಿರಿ ಅಂತ ಎರಡು ಸಲ ವಾಪಸ್ ಬಂದಿತ್ತು. "ಜೋರಾಗಿ ಓದಿ, ಉಸಿರು ಕಟ್ಟಿದ ಕಡೆ ವಾಕ್ಯ ಮುರಿಯಿರಿ" ಅಂದಿರಿ. "ಬೀಜ ವಿತರಣೆ ಕಾರ್ಯವನ್ನು ಸೋಮವಾರದಂದು ಕೈಗೊಳ್ಳಲಾಗುವುದು" ಅಂತ ಇದ್ದದ್ದು "ಸೋಮವಾರ ಬೀಜ ಕೊಡುತ್ತೇವೆ" ಆಯಿತು. ತಾರೀಖನ್ನು ಮೊದಲ ಸಾಲಿಗೆ ತಂದಿರಿ. ರೈತರು ಮೊದಲು ಹುಡುಕುವುದು ಅದನ್ನೇ ಅಲ್ವಾ? ಹೊಸಪೇಟೆ ಬರುವಷ್ಟರಲ್ಲಿ ಪುಟ ಅರ್ಧಕ್ಕೆ ಇಳಿದಿತ್ತು.

ಪತ್ರ ಮತ್ತೆ ವಾಪಸ್ ಬರಲಿಲ್ಲ. ಈಗ ಏನೇ ಬರೆದರೂ ಒಮ್ಮೆ ಜೋರಾಗಿ ಓದುತ್ತೇನೆ. ನಿಮ್ಮ ಹಸಿರು ಗೀಟುಗಳ ಹಾಳೆ ಮೇಜಿನ ಗಾಜಿನ ಕೆಳಗಿದೆ. ತುಂಬಾ ಥ್ಯಾಂಕ್ಸ್ ಅಕ್ಕ.