ಗೆರೆಯ ಆಚೆ ಬದಿಯ ಶಾಲೆ

ಪ್ರಿಯ ಗೆಳೆಯಾ,

ಶಾಲೆ ಕಿಕ್ಕಿರಿದಿದೆ ಎಂದು, ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಎಂದು ಗೊತ್ತುಮಾಡುವ ಗೆರೆಯನ್ನು ಸರಿಸಿ ನಿಮ್ಮ ಬೀದಿಯನ್ನು ಬೇರೊಂದು ಶಾಲೆಗೆ ಸೇರಿಸಲು ಹೊರಟಿದ್ದಾರೆ ಎಂಬ ನಿನ್ನ ಪತ್ರ ಓದಿದ ಮೇಲೆ ಎರಡು ದಿನ ಏನೂ ಬರೆಯಲಾಗಲಿಲ್ಲ. ಪೋಷಕರ ಸಭೆ ರಾತ್ರಿ ಹನ್ನೊಂದರವರೆಗೆ ಎಳೆದದ್ದು, ಇಷ್ಟು ವರ್ಷ ನಿನ್ನ ಜೊತೆಯಲ್ಲೇ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದವರು ಈಗ ಮುಖ ತಿರುಗಿಸಿಕೊಂಡು ಹೋಗುವುದು, ಎಲ್ಲವೂ ನನಗೆ ಗೊತ್ತಿರುವ ನೋವೇ. ಆದರೆ ಮನಸ್ಸಿನಲ್ಲಿ ಉಳಿದದ್ದು ನಿನ್ನ ಮಗಳ ಪ್ರಶ್ನೆ: "ನನ್ನನ್ನು ಯಾಕೆ ಕಳಿಸುತ್ತಿದ್ದಾರೆ, ನಾನೇನು ತಪ್ಪು ಮಾಡಿದೆ?"

ಶಾಲೆ ತುಂಬಿ ತುಳುಕುತ್ತಿರುವುದನ್ನು ನೀನೂ ಅಲ್ಲಗಳೆಯುವುದಿಲ್ಲ. ಸಂಗೀತದ ಕೋಣೆ ತರಗತಿಯಾಯಿತು, ಸಂಗೀತದ ಶಿಕ್ಷಕಿ ವಾದ್ಯಗಳನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಕೋಣೆಯಿಂದ ಕೋಣೆಗೆ ಅಲೆಯುತ್ತಾರೆ ಎಂದು ಬರೆದಿದ್ದೀಯೆ. ನಮ್ಮಲ್ಲೂ ಹಾಗೆಯೇ ಆಗಿತ್ತು. ಊಟದ ಕೋಣೆಯಲ್ಲಿ ಎಲ್ಲರಿಗೂ ಜಾಗ ಸಾಲದೆ ಮೊದಲ ಸರದಿಯ ಮಕ್ಕಳು ಬೆಳಿಗ್ಗೆ ಹತ್ತೂವರೆಗೇ ಊಟಕ್ಕೆ ಕೂರುತ್ತಿದ್ದರು, ಕೊನೆಯ ಸರದಿಯವರು ಹಸಿವಿನಿಂದ ಸೊರಗುತ್ತಿದ್ದರು. ಮಾತು ತೊದಲುವ ಒಬ್ಬ ಹುಡುಗನಿಗೆ ಮೆಟ್ಟಿಲ ಕೆಳಗೆ ಎರಡು ಕುರ್ಚಿ ಹಾಕಿ ಪಾಠ ಹೇಳಿಕೊಡುತ್ತಿದ್ದರು. ಹೋಗಿಬರುವವರೆಲ್ಲ ನೋಡುವ ಜಾಗದಲ್ಲಿ ಆ ಮಗು ಬಾಯಿ ತೆರೆಯುವುದಾದರೂ ಹೇಗೆ? ದಟ್ಟಣೆಯ ಪೆಟ್ಟು ಎಲ್ಲ ಮಕ್ಕಳ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ. ಅಮೆರಿಕದ ಟೆನೆಸಿಯಲ್ಲಿ 1985ರಿಂದ ನಾಲ್ಕು ವರ್ಷ ದೊಡ್ಡದೊಂದು ಪ್ರಯೋಗ ನಡೆಯಿತು. ಚೀಟಿ ಎತ್ತಿದಂತೆ ಕೆಲವು ಮಕ್ಕಳನ್ನು 13ರಿಂದ 17 ಮಂದಿಯ ತರಗತಿಗೂ ಉಳಿದವರನ್ನು 22ರಿಂದ 25 ಮಂದಿಯ ತರಗತಿಗೂ ಹಾಕಿದರು. ಸಣ್ಣ ತರಗತಿಯವರು ಓದಿನಲ್ಲೂ ಲೆಕ್ಕದಲ್ಲೂ ಮುಂದೆ ಬಂದರು. ಹೆಚ್ಚು ಲಾಭ ಆದದ್ದು ಬಡ ಮಕ್ಕಳಿಗೆ, ಕಪ್ಪು ವರ್ಣೀಯ ಮಕ್ಕಳಿಗೆ. ಹಾಗಾಗಿ "ಹೇಗೋ ಹೊಂದಿಕೊಂಡು ಹೋಗೋಣ, ಗೆರೆ ಮುಟ್ಟಬೇಡಿ" ಎಂಬ ನಿಮ್ಮ ಸಭೆಯ ಬೇಡಿಕೆ ನನಗೆ ಒಪ್ಪಿಗೆಯಿಲ್ಲ.

ಇನ್ನು ನನ್ನ ಮಾತು ಹೇಳುತ್ತೇನೆ. ನಮ್ಮ ಬಡಾವಣೆಯ ಗೆರೆ ಬದಲಾಯಿಸಲು ಹೊರಟಾಗ ನಾನೂ ಸಭೆಯಲ್ಲಿ ಎದ್ದು ನಿಂತಿದ್ದೆ. ದೂರದ ಮಾತಾಡಿದೆ, ರಸ್ತೆ ದಾಟುವ ಅಪಾಯದ ಮಾತಾಡಿದೆ. ಎರಡೂ ನಿಜವೇ. ಆಮೇಲೆ ಸಿಟ್ಟು ಏರಿ, "ಅಂಥ ಶಾಲೆಗೆ ನನ್ನ ಮಗನನ್ನು ಕಳಿಸುವುದಿಲ್ಲ" ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ಕೂರಲು ಹಿಂದೆ ತಿರುಗಿದಾಗ ಮೂರನೆಯ ಸಾಲಿನಲ್ಲಿ ಒಬ್ಬ ತಾಯಿ ಕೂತಿದ್ದರು, ಪಕ್ಕದಲ್ಲಿ ಅದೇ ಶಾಲೆಯ ಸಮವಸ್ತ್ರ ತೊಟ್ಟ ಹುಡುಗಿ. ಆ ಮಗು ನನ್ನನ್ನೇ ನೋಡುತ್ತಿತ್ತು. ತಾಯಿ ಏನೂ ಹೇಳಲಿಲ್ಲ, ಮಗಳ ಕೈ ಹಿಡಿದು ಎದ್ದು ಹೊರಟುಹೋದರು. ಅಂದಿನ ಚಪ್ಪಾಳೆ ಇಂದಿಗೂ ನನಗೆ ಕೇಳಿಸುತ್ತದೆ, ಗೆಳೆಯಾ. ಆ ಶಾಲೆಯ ಬಾಗಿಲನ್ನು ನಾನು ಅದುವರೆಗೆ ಒಮ್ಮೆಯೂ ದಾಟಿರಲಿಲ್ಲ.

2015ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ನಡೆದ ಜಗಳದ ಬಗ್ಗೆ ಓದಿದಾಗ ನನಗೆ ನಮ್ಮ ಸಭೆಯೇ ಕಣ್ಣಿಗೆ ಕಟ್ಟಿತು. ಪಿ.ಎಸ್. 8 ಎಂಬ ಸರ್ಕಾರಿ ಶಾಲೆ ಉಳ್ಳವರ ಮಕ್ಕಳಿಂದ ಕಿಕ್ಕಿರಿದಿತ್ತು. ಅಲ್ಲಿಂದ ದೂರವೇನೂ ಅಲ್ಲದ ಪಿ.ಎಸ್. 307ರಲ್ಲಿ ಜಾಗ ಖಾಲಿಯಿತ್ತು. ಅಲ್ಲಿ ಓದುತ್ತಿದ್ದವರು ಹೆಚ್ಚಾಗಿ ಸರ್ಕಾರಿ ವಸತಿ ಸಮುಚ್ಚಯದ ಕಪ್ಪು ವರ್ಣೀಯ ಮತ್ತು ಲ್ಯಾಟಿನೊ ಮಕ್ಕಳು. ಪಿ.ಎಸ್. 8ರ ಒಂದಷ್ಟು ಬೀದಿಗಳನ್ನು 307ರ ಕಡೆಗೆ ಸೇರಿಸುತ್ತೇವೆ ಎಂದು ಅಧಿಕಾರಿಗಳು ಹೇಳಿದಾಗ ಆ ಬೀದಿಗಳ ಒಂದು ಗುಂಪಿನ ಪೋಷಕರು ಅಂಕಗಳ ಪಟ್ಟಿ ಹಿಡಿದು ಎದ್ದರು. ಯಾರೂ ನಿರೀಕ್ಷಿಸದಿದ್ದದ್ದು ಎಂದರೆ 307ರ ಪೋಷಕರೂ ಎದ್ದದ್ದು. ಪಿಟೀಲು, ಚೀನೀ ಭಾಷೆ ಎಲ್ಲ ಕಲಿಸುವ ತಮ್ಮ ಶಾಲೆಯನ್ನು ಅವರು ಪ್ರೀತಿಯಿಂದ ಕಟ್ಟಿಕೊಂಡಿದ್ದರು. ಇವರೆಲ್ಲ ಬಂದು ತುಂಬಿಕೊಂಡರೆ ನಾಳೆ ನಮ್ಮ ಮಕ್ಕಳಿಗೇ ಜಾಗ ಇರುತ್ತದೆಯೇ ಎಂಬುದು ಅವರ ಭಯ. 2016ರ ಜನವರಿಯಲ್ಲಿ ಬದಲಾವಣೆಗೆ ಒಪ್ಪಿಗೆ ಸಿಕ್ಕಿತು. "ಕೆಟ್ಟ ಶಾಲೆ" ಎಂದು ನಾವು ಕರೆದದ್ದು ಇನ್ನೊಬ್ಬರ ಮಕ್ಕಳ ಶಾಲೆ ಎಂಬುದನ್ನು ನಾನು ಓದಿ ಕಲಿಯಬೇಕಾಗಿ ಬಂತಲ್ಲ ಎಂಬ ಸಂಕಟ ನನ್ನದು.

ನಿನ್ನ ನೆರೆಯವರ ಸಿಟ್ಟನ್ನು ತಳ್ಳಿಹಾಕಬೇಡ. ಈಗಿನ ಶಾಲೆಗಾಗಿಯೇ ಸಾಲ ಮಾಡಿ ಮನೆ ಕೊಂಡವರು ಅವರು. ಬಾಸ್ಟನ್ ಸುತ್ತಲಿನ ಉಪನಗರಗಳಲ್ಲಿ ಗೆರೆಯ ಈಚೆ ಆಚೆಗಿನ ಮನೆಗಳ ಬೆಲೆಯನ್ನು ಹೋಲಿಸಿ ಸಾಂಡ್ರಾ ಬ್ಲ್ಯಾಕ್ ಎಂಬ ಅರ್ಥಶಾಸ್ತ್ರಜ್ಞೆ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳ ಅಂಕ ಶೇ. 5ರಷ್ಟು ಹೆಚ್ಚಿರುವ ಕಡೆ ಜನ ಮನೆಗೆ ಶೇ. 2.5ರಷ್ಟು ಹೆಚ್ಚು ಕೊಟ್ಟಿದ್ದರು. ದುಡಿದ ದುಡ್ಡನ್ನು ಆ ಗೆರೆಯ ಮೇಲೆ ಇಟ್ಟವರಿಗೆ ಗೆರೆ ಸರಿದರೆ ನೆಲವೇ ಸರಿದಂತಾಗುತ್ತದೆ.

ಆದರೂ ಮುಂದಿನ ಸಭೆಯಲ್ಲಿ ನೀನು ಎದ್ದು ನಿಂತಾಗ ಗೆರೆಯ ಆಚೆಯ ಶಾಲೆಯ ಮಕ್ಕಳೂ ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡು ಮಾತಾಡು. ಕೇಳಬೇಕಾದ ಗಟ್ಟಿ ಪ್ರಶ್ನೆಗಳು ಬೇಕಾದಷ್ಟಿವೆ. ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಜಾಗವಿದೆ ಎಂದು ಲೆಕ್ಕ ಹಾಕುವಾಗ ಗ್ರಂಥಾಲಯ, ಚಿತ್ರಕಲೆಯ ಕೋಣೆಗಳನ್ನೂ ತರಗತಿ ಎಂದು ಎಣಿಸಿದ್ದಾರೆಯೇ? ಎದ್ದು ನಿಲ್ಲುತ್ತಿರುವ ಹೊಸ ವಸತಿ ಕಟ್ಟಡಗಳ ಮಕ್ಕಳು ಆ ಲೆಕ್ಕದಲ್ಲಿ ಇದ್ದಾರೆಯೇ, ಇಲ್ಲವೇ ಮೂರು ವರ್ಷಕ್ಕೆ ಮತ್ತೆ ಇದೇ ಗೋಳು ಆಗುತ್ತದೆಯೇ? ಕೊನೆಯ ತರಗತಿಯವರು ಇರುವಲ್ಲೇ ಮುಗಿಸಬಹುದೇ, ಅಣ್ಣ ಒಂದು ಕಡೆ ತಂಗಿ ಒಂದು ಕಡೆ ಆಗುವುದಿಲ್ಲ ತಾನೇ? ಇದನ್ನು ಮರೆಯದೆ ಕೇಳು: ನಿಮ್ಮ ಬೀದಿಯಿಂದ ಎಷ್ಟು ಮಕ್ಕಳು ಹೋಗುತ್ತಾರೆ? ನಾಲ್ಕೇ ಮಕ್ಕಳನ್ನು ಕಿತ್ತು ಬೇರೆಡೆ ನೆಡುವುದು ಕ್ರೌರ್ಯ. ಇಡೀ ಬೀದಿ ಒಟ್ಟಿಗೆ ಹೋದರೆ ಮಕ್ಕಳಿಗೆ ಒಬ್ಬರಿಗೊಬ್ಬರು ಇರುತ್ತಾರೆ. ಮಕ್ಕಳ ಜೊತೆಗೆ ಆ ಶಾಲೆಗೆ ಶಿಕ್ಷಕರೂ ಅನುದಾನವೂ ಹೋಗುತ್ತವೆಯೇ ಎಂದು ಕೇಳು. ಇಲ್ಲದಿದ್ದರೆ ಈ ಕಟ್ಟಡದ ಇಕ್ಕಟ್ಟು ಆ ಕಟ್ಟಡಕ್ಕೆ ದಾಟುತ್ತದೆ, ಅಷ್ಟೇ.

ಮಗಳಿಗೆ ಏನು ಹೇಳಲಿ ಎಂದು ಕೇಳಿದ್ದೀಯೆ. ಅವಳನ್ನು ಯಾರೂ ಹೊರಹಾಕುತ್ತಿಲ್ಲ, ಇಲ್ಲಿ ಕೂರಲು ಜಾಗ ಸಾಲುತ್ತಿಲ್ಲ ಎಂಬ ನಿಜವನ್ನೇ ಹೇಳು. ಎರಡು ಮೂರು ಸಲ ಕೇಳಿದರೆ ಎರಡು ಮೂರು ಸಲವೂ ಹೇಳು. ಅವಳ ಮುಂದೆ ಆ ಶಾಲೆಯನ್ನು ಹಳಿಯಬೇಡ. ನನ್ನ ಮಗ ನನ್ನಿಂದ ಕೇಳಿಸಿಕೊಂಡಿದ್ದ ಮಾತುಗಳನ್ನೇ ಹೊತ್ತುಕೊಂಡು ಅಲ್ಲಿಗೆ ಹೋದ. ಮೊದಲ ಒಂದು ತಿಂಗಳು ಯಾರ ಜೊತೆಯೂ ಆಡಲಿಲ್ಲ. ಅವನನ್ನು ಆಟಕ್ಕೆ ಕರೆದವಳು ಅಂದು ಮೂರನೆಯ ಸಾಲಿನಲ್ಲಿ ಕೂತಿದ್ದ ಹುಡುಗಿ. ಅದು ಗೊತ್ತಾದ ದಿನ ನಾನು ಅವರ ಮನೆಗೆ ಹೋಗಿ ಆ ತಾಯಿಯ ಕ್ಷಮೆ ಕೇಳಿದೆ.

ಸಭೆಗೆ ಮುಂಚೆ ಒಂದು ಬೆಳಿಗ್ಗೆ ರಜೆ ಹಾಕು. ಮಗಳನ್ನು ಕರೆದುಕೊಂಡು ಆ ಶಾಲೆಗೆ ನಡೆದೇ ಹೋಗು, ಎಷ್ಟು ನಿಮಿಷವಾಯಿತು, ಎಲ್ಲಿ ರಸ್ತೆ ದಾಟಬೇಕಾಯಿತು ಎಂದು ಬರೆದುಕೊ. ಅಲ್ಲಿಯ ಮುಖ್ಯೋಪಾಧ್ಯಾಯರ ಜೊತೆ ಅರ್ಧ ಗಂಟೆ ಕೂತು ಮಾತಾಡು. ಹೊಸ ನಕ್ಷೆಯ ಒಂದು ಪ್ರತಿಯನ್ನು ನನಗೂ ಕಳಿಸು. ಶನಿವಾರ ರಾತ್ರಿ ಕರೆ ಮಾಡುತ್ತೇನೆ, ಇಬ್ಬರೂ ಸೇರಿ ಬೀದಿ ಬೀದಿಯಾಗಿ ನೋಡೋಣ.

ನಿನ್ನ ಗೆಳೆಯ