ಅತ್ತಿಗೆ ಮಾಡಿದ ಕೊಂಡಿಗಳು

ಮೊನ್ನೆ ಭಾನುವಾರ ಚಿತ್ರದುರ್ಗದಲ್ಲಿ ನನ್ನ ಒಡವೆಗಳ ಮೊದಲ ಪ್ರದರ್ಶನ ಮುಗಿಯಿತು. ಇಟ್ಟಿದ್ದು 64, ವಾಪಸ್ ಮನೆಗೆ ಬಂದಿದ್ದು 9. ಎಲ್ಲವೂ ಹಳೆ ತಾಮ್ರ, ಹಳೆ ಹಿತ್ತಾಳೆ. ಕೊಂಡವರಿಗೆ, ಸುಮ್ನೆ ಕೈಯಲ್ಲಿ ಹಿಡಿದು ನೋಡಿ ಹೋದವರಿಗೆ, ಎಲ್ಲರಿಗೂ ನಮಸ್ಕಾರ.

ಜಾಸ್ತಿ ಜನ ಕೇಳಿದ್ದು ಕೋಟೆಯ ಪದಕವನ್ನು. ನಮ್ಮದು ಏಳು ಸುತ್ತಿನ ಕೋಟೆ ಅಲ್ವಾ, ಒಂದರೊಳಗೆ ಒಂದರಂತೆ ತಾಮ್ರದ ಏಳು ಸುತ್ತು ಕೂರಿಸಿದ್ದೆ. ಊರ ಪಕ್ಕದ ಇಂಗಳದಾಳಿನಲ್ಲಿ ಒಂದು ಕಾಲಕ್ಕೆ ತಾಮ್ರದ ಅದಿರು ತೆಗೆಯುತ್ತಿದ್ದರು. ನನ್ನ ತಾಮ್ರ ಬರುವುದು ಸುಟ್ಟುಹೋದ ಬೋರ್‌ವೆಲ್ ಮೋಟಾರ್‌ಗಳಿಂದ. ತಂತಿಯ ಮೇಲಿನ ಪದರವನ್ನು ಸುಡುವುದಿಲ್ಲ, ಆ ಹೊಗೆ ಕೆಟ್ಟದ್ದು. ಎಮರಿ ಪೇಪರಿನಲ್ಲಿ ಉಜ್ಜಿಯೇ ತೆಗೆಯುತ್ತೇನೆ. ತಂತಿ ತೂಕಕ್ಕೆ ಹಾಕುವ ಮೊದಲು ಫೋನ್ ಮಾಡುವ ರೀವೈಂಡಿಂಗ್ ಅಂಗಡಿಯ ಅಣ್ಣನಿಗೆ, ತೂತು ಬಿದ್ದ ಕೊಡ, ಚೊಂಬು ಎತ್ತಿಟ್ಟು ಕೊಡುವ ಗುಜರಿಯವರಿಗೆ, ಬಿಳಿಗಾರ (ಬೊರಾಕ್ಸ್) ಹಾಕಿ ಬೆಸುಗೆ ಹಿಡಿಯುವುದು ಕಲಿಸಿದ ಪತ್ತಾರ ಅಜ್ಜನಿಗೆ, ಟೇಬಲ್ ಹೊತ್ತ ಗೆಳೆಯರಿಗೆ ನಾನು ಋಣಿ.

ಇನ್ನು ನಮ್ಮ ಅತ್ತಿಗೆ.

ಕರಗಿದ ಹಿತ್ತಾಳೆಯನ್ನು ಅಚ್ಚಿಗೆ ಹೊಯ್ಯುವಾಗ ಅದು ಸಿಡಿದು ನನ್ನ ಬಲಗೈ ಸುಟ್ಟಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು, ಮತ್ತೆ ವಿವರಿಸುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಮಾತ್ರ ಒಂದು ಮಾತು: ಅಚ್ಚಿನಲ್ಲಿ ಹನಿ ನೀರಿದ್ದರೂ ಕರಗಿದ ಹಿತ್ತಾಳೆ ಹೊಯ್ಯಬೇಡಿ. ನೀರು ತಟ್ಟನೆ ಆವಿಯಾಗಿ ಲೋಹ ಸಿಡಿಯುತ್ತದೆ. ಮೊದಲು ಅಚ್ಚನ್ನು ಚೆನ್ನಾಗಿ ಕಾಯಿಸಿ.

ದಾವಣಗೆರೆಯ ಆಸ್ಪತ್ರೆಯಲ್ಲಿ ಅದು ಮೂರನೇ ರಾತ್ರಿ. ಬಲಗೈ ತುಂಬಾ ಬ್ಯಾಂಡೇಜು. ಇನ್ನು ನಾನು ಇಕ್ಕಳ ಹಿಡಿಯಲಾರೆ ಎಂದು ಅಳುತ್ತಿದ್ದೆ. ಅತ್ತಿಗೆ ಸಮಾಧಾನ ಹೇಳಲಿಲ್ಲ. ಊಟದ ಚೀಲದಿಂದ ನನ್ನ ಎರಡು ಇಕ್ಕಳ, ಒಂದು ಸುರುಳಿ ತಂತಿ ಹೊರಗೆ ತೆಗೆದರು. "ನಿನ್ ಕೈ ಸುಮ್ನಿರ್ಲಿ. ಬಾಯಲ್ಲಿ ಹೇಳು, ನಾನು ಮಾಡ್ತೀನಿ" ಅಂದರು.

ಹೇಳಿದೆ. ಸ್ವೆಟರ್ ಹೆಣೆಯುವ ಕಡ್ಡಿಗೆ ತಂತಿಯನ್ನು ಬಿಗಿಯಾಗಿ ಸುತ್ತಿದರು. ಕಡ್ಡಿಯಿಂದ ಜಾರಿಸಿ ಒಂದೊಂದೇ ಸುತ್ತು ಕತ್ತರಿಸಿದರು. ಕೊಂಡಿಯ ಬಾಯಿ ಅಗಲಿಸಬೇಡಿ, ಪಕ್ಕಕ್ಕೆ ತಿರುಗಿಸಿ ಅಂದೆ. ಎರಡು ಗಂಟೆ ಹೊತ್ತಿಗೆ "ಇದ್ಯಾಕೆ ಇಷ್ಟು ಗಟ್ಟಿ ಆಯ್ತು?" ಅಂದರು. ತಾಮ್ರ ಬಗ್ಗಿಸಿದಷ್ಟೂ ಗಡುಸಾಗುತ್ತದೆ, ಕೆಂಪಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ ಎಂದು ವಿವರಿಸತೊಡಗಿದೆ. ಹೇಳುತ್ತಾ ಹೇಳುತ್ತಾ ಅಳು ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

ಬೆಳಗಾಗುವಾಗ 58 ಕೊಂಡಿ. ಮಕ್ಕಳನ್ನು ಶಾಲೆಗೆ ಕಳಿಸಬೇಕು ಎಂದು ಮೊದಲ ಬಸ್ಸಿಗೆ ದುರ್ಗಕ್ಕೆ ಹೋದರು. ರಾತ್ರಿ ಮತ್ತೆ ಬಂದರು. ಅವರ ಹೆಬ್ಬೆರಳಿನ ಬೊಬ್ಬೆ ನಾನು ಕಂಡಿದ್ದು ಒಂದು ವಾರದ ಮೇಲೆ. ಅಷ್ಟು ದಿನ ನನ್ನ ಕೈಯನ್ನೇ ನೋಡಿಕೊಂಡು ಕೂತಿದ್ದೆ, ಅವರ ಕೈಯನ್ನು ಒಮ್ಮೆಯೂ ನೋಡಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ.

ಕೈ ಈಗ ಚೆನ್ನಾಗಿದೆ. ಪ್ರದರ್ಶನದಲ್ಲಿ ಮಾರಾಟಕ್ಕಿಲ್ಲ ಎಂದು ಚೀಟಿ ಹಾಕಿದ್ದ ಸರ ಆ ಕೊಂಡಿಗಳದ್ದೇ. ತುಂಬಾ ಜನ ಬೆಲೆ ಕೇಳಿದಿರಿ, ಕ್ಷಮಿಸಿ. ಮೊದಲ ಹತ್ತು ಕೊಂಡಿ ಡೊಂಕಾಗಿವೆ, ಹಾಗೇ ಬಿಟ್ಟಿದ್ದೇನೆ. ಸರ ಅತ್ತಿಗೆಯ ಕೊರಳಿಗೆ ಹೋಗಿದೆ. ಬೆಸುಗೆ ಹಾಕುವುದನ್ನೂ ಕಲಿಸು ಎಂದಿದ್ದಾರೆ, ಬರುವ ಭಾನುವಾರ ಶುರು.